ಕೂಗಿಲ್ಲದ ಹೆಜ್ಜೆ

ಡೋಲಿ ಹೊರುವುದಕ್ಕೆ ಒಂದು ಕಟ್ಟುಪಾಡಿದೆ. ಮುಂದಿನವನಿಗೆ ಕಣ್ಣು, ಹಿಂದಿನವನಿಗೆ ಬರೀ ಕಿವಿ. ಡೋಲಿಯ ಹೊದಿಕೆ ಹಿಂದಿನವನ ಮೂಗಿಗೇ ಬಡಿಯುತ್ತಿರುತ್ತದೆ. ತನ್ನ ಪಾದ ಎಲ್ಲಿ ಬಿತ್ತೆಂದು ಅವನಿಗೇ ಕಾಣುವುದಿಲ್ಲ. ಅದಕ್ಕೇ ಮುಂದಿನವನು ದಾರಿಯನ್ನೆಲ್ಲ ಕೂಗಿ ಹೇಳುತ್ತ ನಡೆಯಬೇಕು. ಎಡಕ್ಕೆ ಕಲ್ಲು, ಬಲಕ್ಕೆ ತೆಗ್ಗು, ಮೆಟ್ಟಿಲು ಬಂತು. ಕೂಗು ನಿಂತರೆ ಹೆಜ್ಜೆಯೂ ನಿಲ್ಲಬೇಕು.

ಅವತ್ತು ಓಬಳೆಪ್ಪ ಮುಂದೆ, ಮದಾರಸಾಬ ಹಿಂದೆ. ನಡುವೆ ಡೋಲಿಯಲ್ಲಿ ಕಾಲು ಚಾಚಿ ಕೂತವನು ದೇಸಾಯರ ಅಳಿಯ.

ಹದ್ದಿನಕೋಟೆ ಎಂಬುದು ತುಂಗಭದ್ರೆಯ ದಂಡೆಯಲ್ಲಿ ನೆಟ್ಟಗೆ ಎದ್ದ ಒಂದೇ ಕಲ್ಲುಗುಡ್ಡ. ಅದರ ನೆತ್ತಿಯ ಮೇಲೆ ಹಾಳುಬಿದ್ದ ಕೋಟೆ, ಕೋಟೆಯೊಳಗೆ ಅರವತ್ತು ಮನೆ. ಗೋಡೆಯ ಹೊರಗೆ, ಬಂಡೆಯ ಅಂಚು ಹಿಡಿದು, ಹೊಳೆಯ ಮೇಲೆಯೇ ಒಂದು ಕಾಲುದಾರಿ ಸುತ್ತುತ್ತದೆ. ಅಲ್ಲಿ ನಿಂತರೆ ವಿರೂಪಾಪುರಗಡ್ಡೆಯ ಬತ್ತದ ಹಸಿರು, ಅದರಾಚೆ ಹಂಪಿಯ ಗೋಪುರ. ಈಚೆ ದಂಡೆ ನಿಜಾಮನದು, ಆಚೆ ದಂಡೆ ಇಂಗ್ರೇಜಿಯವರದು. ಹೈದರಾಬಾದಿನಲ್ಲಿ ಓದಿದ ಅಳಿಯಸಾಹೇಬನಿಗೆ ಈ ದಾರಿಯಲ್ಲಿ ಸೈರು ಮಾಡುವ ಹುಚ್ಚು. ಸೈರು ಎಂದರೆ ನಡೆಯುವುದಲ್ಲವೇ? ಅವನ ಕಾಲು ನೆಲ ಮುಟ್ಟುತ್ತಿರಲಿಲ್ಲ. ನಡೆಯುವವರು ಇವರು. ಬಿಟ್ಟಿ ಚಾಕರಿ, ಕೂಲಿ ಕೇಳಿದರೆ ಬಾರುಕೋಲು.

ಮೂರು ವರ್ಷದ ಹಿಂದೆ ಅಳಿಯಸಾಹೇಬ ಹೀಗೇ ಬಂದಿದ್ದ. ಆಗ ಮುಂದೆ ಹೊತ್ತವನು ಓಬಳೆಪ್ಪನ ಅಪ್ಪ ದ್ಯಾವಪ್ಪ. ಹಿಂದೆ ಇದೇ ಮದಾರಸಾಬ. ಕೋಟೆಬಾಗಿಲ ಮೆಟ್ಟಿಲಲ್ಲಿ ಡೋಲಿ ವಾಲಿತು, ಸಾಹೇಬನ ಮೊಣಕಾಲು ತರಚಿತು. ಅಷ್ಟೇ. ದೇಸಾಯರ ವಾಡೆಯಲ್ಲಿ ದ್ಯಾವಪ್ಪನನ್ನು ಬಿಸಿಲಿಗೆ ಬಗ್ಗಿಸಿ, ಬೆನ್ನ ಮೇಲೆ ಬೀಸುವ ಕಲ್ಲು ಇಟ್ಟು, ಹೊತ್ತು ಮುಳುಗುವ ತನಕ ಹುಣಸೆ ಬರಲಿನಿಂದ ಹೊಡೆದರು. ಹೊಡೆದವನು ಅಳಿಯಸಾಹೇಬನೇ, ದಣಿದಾಗ ಮಜ್ಜಿಗೆ ಕುಡಿದು ಮತ್ತೆ ಹೊಡೆದ. ಮೂರನೆಯ ದಿನ ದ್ಯಾವಪ್ಪ ರಕ್ತ ಕಾರಿ ಸತ್ತ. ಬತ್ತ ಕೊಯ್ಯಲು ಮರಳಿ ಎಂಬ ಊರಿಗೆ ಹೋಗಿದ್ದ ಓಬಳೆಪ್ಪ ತಿರುಗಿ ಬರುವಷ್ಟರಲ್ಲಿ ಮಣ್ಣು ಆಗಿತ್ತು.

ಈ ಸಲ ಡೋಲಿಗೆ ಆಳು ಬೇಕೆಂದು ಡಂಗುರ ಬಿದ್ದಾಗ ಓಬಳೆಪ್ಪ ಯಾರೂ ಕರೆಯದೆಯೇ ಹೋಗಿ ನಿಂತ. ಅವ್ವ ಹುಲಿಗವ್ವ ಅಂಗಿ ಹಿಡಿದು ಎಳೆದಳು. “ಆ ಹೆಣಾ ಹೊರಾಕ ಹೊಂಟೀಯೇನೋ ಹಾಟ್ಯಾ?” ಎಂದಳು. “ಹೌದಬೇ, ಹೆಣಾನಽ ಹೊರಾಕ ಹೊಂಟೀನಿ,” ಎಂದು ಅಂಗಿ ಬಿಡಿಸಿಕೊಂಡು ಬಂದಿದ್ದ.

ಜಾಗವನ್ನೂ ಗುರುತಿಸಿಟ್ಟಿದ್ದ. ಒಕ್ಕಾಲ ದಾರಿ ಎಂದು ಅದಕ್ಕೆ ಹೆಸರು; ಬಲಕ್ಕೆ ಬಂಡೆ, ಎಡಕ್ಕೆ ಬಯಲು, ಕೆಳಗೆ ನೂರಾಳು ಆಳದಲ್ಲಿ ಕರೀಗಲ್ಲು, ಹೊಳೆ.

“ಮೆಟ್ಟಿಲು ಬಂತು, ಮೂರು,” ಎಂದು ಓಬಳೆಪ್ಪ ಕೂಗಿದ.

“ಬಂತು, ಬಂತು,” ಎಂದ ಹಿಂದಿನಿಂದ ಮದಾರಸಾಬ.

ಅಳಿಯಸಾಹೇಬ ಬೆತ್ತದ ತುದಿಯಿಂದ ಓಬಳೆಪ್ಪನ ಬೆನ್ನು ತಿವಿದ. “ಏನಲೇ, ನಿಮ್ಮಪ್ಪಗಿಂತ ನೀ ಛಲೋ ಹೊರತಿ. ಅವಂದು ಕತ್ತೆ ನಡಿಗಿ ಇತ್ತು.”

“ಹೌದ್ರಿ ಸಾಹೇಬ್ರ. ಭಾಳ ಹೊತ್ತಿದ್ನಲ್ರಿ, ಬೆನ್ನು ಬಗ್ಗಿತ್ತು.”

“ಬಾಯಿ ಜೋರೈತಿ. ಆ ಗೋಪುರ ಚೆಂದ ಕಾಣೋ ಕಡೆ ನಿಲ್ಲಿಸು. ಊಟದ ಬುಟ್ಟಿ ಎಲ್ಲಿ?”

ಊಟದ ಬುಟ್ಟಿ, ಬಂದೂಕು ಎರಡನ್ನೂ ಹೊತ್ತ ದೇಸಾಯರ ಆಳು ಹುಚ್ಚೀರಪ್ಪ ಇನ್ನೂ ಕೋಟೆಬಾಗಿಲಲ್ಲಿ ಬೀಡಿ ಸೇದುತ್ತಿದ್ದ. ಅದನ್ನು ಓಬಳೆಪ್ಪ ಆಗಲೇ ನೋಡಿಕೊಂಡಿದ್ದ. ಒಕ್ಕಾಲ ದಾರಿಯ ನಟ್ಟನಡುವೆ ಬಂದು ಅವನು ಕೂಗು ನಿಲ್ಲಿಸಿದ.

ಹಿಂದಿನ ಹೆಜ್ಜೆ ನಿಂತಿತು.

“ಕೂಗೋ ಓಬಳ್ಯಾ. ಏನೈತಿ ಮುಂದ?” ಮದಾರಸಾಬನ ದನಿ.

“ಹೆಗಲು ತೆಗಿ ಕಾಕಾ. ನಿನ್ನ ಬಲಕ್ಕ ಬಂಡಿಗಲ್ಲು ಐತಿ, ಅದನ್ನ ತಬ್ಬಿಕೋ. ನಿನಗೇನೂ ಆಗಂಗಿಲ್ಲ. ಇಂವ ಮಾತ್ರ ಹೋಗ್ತಾನ.”

ಮಾತು ಅರ್ಥವಾಗಲು ಅಳಿಯಸಾಹೇಬನಿಗೆ ಒಂದು ಉಸಿರು ಹಿಡಿಯಿತು. ಬೆತ್ತ ಎತ್ತಿ, ತಿರುಗಿದ್ದ ಓಬಳೆಪ್ಪನ ಮುಖಕ್ಕೇ ಬೀಸಿದ. ಬೆಳ್ಳಿಯ ತುದಿ ಹುಬ್ಬು ಸೀಳಿತು. ಇನ್ನೊಂದು ಏಟಿಗೆ ಹಣೆ ಒಡೆಯಿತು. ರಕ್ತ ಎರಡೂ ಕಣ್ಣಿಗೆ ಇಳಿಯಿತು. ಓಬಳೆಪ್ಪ ಡೋಲಿಯ ದಂಡ ಬಿಡಲಿಲ್ಲ.

“ತೆಗಿ ಕಾಕಾ!”

“ಓಬಳ್ಯಾ, ಒಂದು ಮಾತು ಕೇಳು,” ಮದಾರಸಾಬ ತೇಕುತ್ತಿದ್ದ. “ಅವತ್ತು ಎಡವಿದ್ದು ನಿಮ್ಮಪ್ಪ ಅಲ್ಲ, ನಾನು. ಮೆಟ್ಟಿಲು ಬಂತು ಅಂತ ದ್ಯಾವಣ್ಣ ಸರಿಯಾಗೇ ಕೂಗಿದ್ದ. ಕೇಳಿಸಿಕೊಂಡೂ ಕಾಲು ತಪ್ಪಿದೆ. ವಾಡೇದಾಗ ನಾ ಬಾಯಿ ಬಿಡಲಿಲ್ಲ. ಅಂವ ನನ್ನ ಹೆಸರು ಹೇಳಲಿಲ್ಲ.”

ಮೂರು ವರ್ಷ. ಮೂರು ವರ್ಷ ಈ ಮುದುಕ ಓಬಳೆಪ್ಪನ ಮನೆಯ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿದ್ದ.

“ಈಗ್ಯಾಕ ಹೇಳತಿಯೋ ಭಾಡ್ಯಾ? ಈಗ್ಯಾಕ?”

“ನೀ ನನ್ನ ಉಳಸಾಕ ನಿಂತೀಯಲ್ಲೋ, ಅದಕ್ಕ. ಗೊತ್ತಾಗಿ ಉಳಸು. ಇಲ್ಲಂದ್ರ ನನ್ನೂ ಕೂಡೇ ಒಗಿ.”

ಕೂಡೇ ಒಗೆಯುವುದು ಸುಲಭವಿತ್ತು. ದಂಡವನ್ನು ಎಡಕ್ಕೆ ಒಂದೇ ಸಲ ಜಗ್ಗಿದರೆ ಸಾಕು, ಹೊದಿಕೆಯ ಹಿಂದೆ ಏನೂ ಕಾಣದ ಮುದುಕ ಡೋಲಿಯ ಜತೆಗೇ ಹೋಗುತ್ತಿದ್ದ. ಅಳಿಯಸಾಹೇಬ ಒದ್ದಾಡುತ್ತ, “ಹುಚ್ಚೀರಾ! ಬಂದೂಕು!” ಎಂದು ಚೀರುತ್ತಿದ್ದ. ಓಬಳೆಪ್ಪ ಹಲ್ಲು ಕಚ್ಚಿದ. ಬಾಯಿಗೆ ತನ್ನದೇ ರಕ್ತದ ರುಚಿ.

“ಬಲಕ್ಕ ಬಂಡಿ,” ಎಂದು ಕೂಗಿದ. “ತಬ್ಬಿಕೋ.”

ಎರಡು ಹೆಗಲು ಒಟ್ಟಿಗೆ ಸರಿದವು. ಡೋಲಿ ಅಂಚಿಗೆ ಬಡಿದು, ಮಗುಚಿ, ಗಾಳಿಗೆ ಹೋಯಿತು. ಆದರೆ ಅಳಿಯಸಾಹೇಬ ಹೋಗಿರಲಿಲ್ಲ. ಹತ್ತೂ ಬೆರಳಿನಿಂದ ಕಲ್ಲಿನಂಚು ಹಿಡಿದು ಜೋತಾಡುತ್ತಿದ್ದ. “ಹಿಡೀಯೋ, ನನ್ನಪ್ಪಾ, ಹಿಡೀಯೋ,” ಎಂದ.

ಅಪ್ಪಾ ಎಂಬ ಮಾತು ಬಂದ ಕಡೆ ಓಬಳೆಪ್ಪ ಬಗ್ಗಿದ. ತಡಕಾಡಿ ಉಂಗುರದ ಬೆರಳು ಹುಡುಕಿದ. ಅದರ ಮೇಲೆ ಹಿಮ್ಮಡಿ ಇಟ್ಟು ಮೈಭಾರವೆಲ್ಲ ಬಿಟ್ಟ. ಒಂದು ಕೈ ಹೋಯಿತು. ಇನ್ನೊಂದನ್ನು ಒದ್ದ. ಚೀರಾಟ ಕೆಳಕೆಳಗೆ ಇಳಿಯಿತು. ಕರೀಗಲ್ಲಿಗೆ ಬಡಿದ ಸದ್ದು, ನೆಂದ ಮೂಟೆ ಬಿದ್ದ ಸದ್ದು, ಮೇಲಿನ ತನಕ ಬಂತು.

ಬಂದೂಕು ಹಾರಿತು. ಹುಚ್ಚೀರಪ್ಪ ಗೋಡೆಯ ತಿರುವಿನಿಂದ ಹೊಡೆದಿದ್ದ. ಚರ್ರೆಗುಂಡು ಮದಾರಸಾಬನ ತೊಡೆಗೆ ಹೊಕ್ಕಿತು; ಅವನು ಬಂಡೆಯನ್ನು ತಬ್ಬಿಕೊಂಡೇ ಕುಸಿದ. ಹುಚ್ಚೀರಪ್ಪನಿಗೆ ಮತ್ತೆ ಮದ್ದು ತುಂಬಲು ಹೊತ್ತು ಬೇಕು; ಒಕ್ಕಾಲ ದಾರಿಗೆ ಕಾಲಿಡಲು ಗುಂಡಿಗೆಯೂ ಬೇಕು.

“ನೀ ಓಡು ತಮ್ಮಾ,” ಎಂದ ಮದಾರಸಾಬ. “ಕೆಳಗ ಹರಗೋಲು ಐತಿ. ಹೊಳಿ ದಾಟು. ನಾ ಇಲ್ಲೇ ಕುಂಡ್ರತೀನಿ. ಕೇಳಿದ್ರ ನಾನಽ ಎಡವಿದೆ ಅಂತೀನಿ. ಈ ಸಲ ಹೇಳತೀನಿ.”

ಓಬಳೆಪ್ಪ ದನಿ ಬಂದ ಕಡೆ ಕೈ ಚಾಚಿ, ಅವನ ಕೊರಳಪಟ್ಟಿ ಹಿಡಿದು, ಬಾಯಿಗೆ ಗುದ್ದಿದ. ಹಲ್ಲು ಮುರಿದದ್ದು ಮುಷ್ಟಿಗೆ ಗೊತ್ತಾಯಿತು. ಇನ್ನೊಮ್ಮೆ ಗುದ್ದಿದ. ಮುದುಕ ಕೈ ಅಡ್ಡ ತರಲಿಲ್ಲ. ಮೂರನೆಯ ಸಲ ಎತ್ತಿದ ಕೈ ಕೆಳಗಿಳಿಯಿತು.

“ಏಳು.”

“ಕಾಲಿಲ್ಲೋ.”

“ನನಗ ಕಣ್ಣಿಲ್ಲ. ಹತ್ತು ಬೆನ್ನಿಗೆ.”

ಹೊತ್ತುಕೊಂಡ. ಡೋಲಿಗಿಂತ ಹಗುರ, ಬರೀ ಎಲುಬು. ಮುಂದೆ ದಾರಿ ಹೊಳೆಯ ಕಡೆ ಇಳಿಯುತ್ತದೆಂದು ಗೊತ್ತು, ಆದರೆ ಕಣ್ಣಿನಲ್ಲಿ ಕೆಂಪು ಬಿಟ್ಟು ಬೇರೇನೂ ಇಲ್ಲ. ಒರೆಸಿದಷ್ಟೂ ಇಳಿಯುತ್ತಿತ್ತು. ಹಿಂದೆ ಹುಚ್ಚೀರಪ್ಪ ಊರಿನವರನ್ನು ಕೂಗಿ ಕರೆಯುತ್ತಿದ್ದ.

ಕಿವಿಯ ಹತ್ತಿರ ಮದಾರಸಾಬನ ಒಡೆದ ಬಾಯಿ ಉಸುರಿತು. “ಎಡಕ್ಕ ಬಯಲು. ಬಲಕ್ಕ ಬಂಡಿ ಹಿಡಕೊಂಡು ನಡಿ. ಮೆಟ್ಟಿಲು ಬಂತು.”

ಓಬಳೆಪ್ಪ ನಿಂತ. ಅಪ್ಪ ಸರಿಯಾಗಿ ಕೂಗಿದ್ದ, ಕೇಳಿಸಿಕೊಂಡವನು ತಪ್ಪಿದ್ದ. ಈಗ ಕೂಗುವವನು ಆ ತಪ್ಪಿದವನೇ.

“ಆಚೀ ದಂಡಿ ಮುಟ್ಟಲಿ ಮುದ್ಯಾ,” ಎಂದ, “ನಿಂದೂ ಲೆಕ್ಕ ಐತಿ.”

“ಇರಲಿ. ಮೆಟ್ಟಿಲು ಬಂತು, ಓಬಳ್ಯಾ. ಒಂದು ಗೇಣು ಕೆಳಗ.”

ಓಬಳೆಪ್ಪ ಕಾಲು ಎತ್ತಿದ. ಗಾಳಿಯಲ್ಲಿ ಒಂದು ಕ್ಷಣ ಹಿಡಿದ. ಆಮೇಲೆ ಒಂದು ಗೇಣು ಕೆಳಗಿಟ್ಟ.

ಕಲ್ಲು ಸಿಕ್ಕಿತು.