ಶಬ್ದವಿಲ್ಲದ ಈಜು

ತಾತ ಹೊಟ್ಟೆಯಡಿ ಸ್ಟೂಲು ಇಟ್ಟುಕೊಂಡು ನಡುಮನೆಯಲ್ಲಿ ಈಜುತ್ತಿದ್ದರು. ಎದುರಿಗೆ ಲೋಟಕ್ಕೆ ಒರಗಿಸಿಟ್ಟ ಫೋನಿನಲ್ಲಿ ಯಾರೋ ದಾಂಡಿಗ ನೀಲಿ ನೀರನ್ನು ಸೀಳಿಕೊಂಡು ಹೋಗುತ್ತಿದ್ದ. ಅವನು ಕೈ ಬೀಸಿದರೆ ಇವರೂ ಬೀಸುತ್ತಿದ್ದರು.

"ಮಾವ, ಕಾಲು ಸ್ವಲ್ಪ ಎತ್ತಿ," ಎಂದಳು ಸೊಸೆ, ಪೊರಕೆ ಹಿಡಿದು ನಿಂತು.

"ಎತ್ತೇ ಇದೆಯಲ್ಲಮ್ಮ. ಕೆಳಗೆ ಗುಡಿಸ್ಕೋ."

"ಮೆತ್ತಗೆ ಈಜ್ರೀ," ಕೋಣೆಯಿಂದ ಅಜ್ಜಿಯ ದನಿ ಬಂತು. "ಈಗ ತಾನೇ ಕಣ್ಣು ಹತ್ತಿತ್ತು."

ಅಜ್ಜಿಯ ಮಧ್ಯಾಹ್ನದ ನಿದ್ದೆ ಕೆಟ್ಟರೆ ಸಂಜೆಯ ಕಾಫಿಗೇ ಸಂಚಕಾರ. ಅದಕ್ಕೇ ತಾತ ವಿಡಿಯೋಗಳನ್ನೆಲ್ಲ ಶಬ್ದ ಆರಿಸಿಯೇ ನೋಡುತ್ತಿದ್ದುದು.

ಅಂಚೆಕಚೇರಿಯಲ್ಲಿ ಪಾರ್ಸೆಲ್ ತೂಗುತ್ತಿದ್ದ ಕಾಲಕ್ಕೆ ಊರೇ ಕಿಟಕಿಯಲ್ಲಿ ತಲೆ ತೂರಿಸಿ ಅವರನ್ನು ಏನಾದರೂ ಕೇಳುತ್ತಿತ್ತು. ನಿವೃತ್ತಿಯಾದ ಮೇಲೆ ಕೇಳುವವರೇ ಇಲ್ಲ. ಮಗ ಫೋನು ಕೊಡಿಸಿದ್ದೇ ತಡ, ಹೋದ ಜೀವ ಬಂದಂತಾಯಿತು. ಹಲ್ಲಿ ಗೋಡೆಯಿಂದ ಯಾಕೆ ಬೀಳುವುದಿಲ್ಲ, ಕುಕ್ಕರು ಯಾಕೆ ಸೋರುತ್ತದೆ, ಪಕ್ಕದ ಮನೆಯವರ ಮೊಣಕಾಲು ಯಾಕೆ ನೋಯುತ್ತದೆ, ಎಲ್ಲಕ್ಕೂ ತಾತ ಫೋನಿನಲ್ಲಿ ನೋಡಿ ಉತ್ತರ ಹೇಳುತ್ತಿದ್ದರು. ಮೊಮ್ಮಗಳಂತೂ ತಾತನಿಗೆ ಬಾರದ ವಿದ್ಯೆಯೇ ಇಲ್ಲ ಎಂದು ನಂಬಿದ್ದಳು. ಆ ನಂಬಿಕೆ ತಾತನಿಗೆ ಪಿಂಚಣಿಗಿಂತ ಹೆಚ್ಚು.

ಹಾಗಾಗಿಯೇ ಅವಳು "ನಿಂಗೆ ಈಜು ಬರುತ್ತಾ ತಾತ?" ಎಂದಾಗ ಬಾಯಿ ತನ್ನಷ್ಟಕ್ಕೆ "ಓ, ಬರದೇ ಏನು" ಎಂದುಬಿಟ್ಟಿತ್ತು. ಈಜು ಕಲಿಯಲು ಸೇರಿದಾಗಿನಿಂದ ಅವಳು ಈಜುಕೊಳದ ಅಂಚಿನ ಕಂಬಿ ಬಿಟ್ಟವಳಲ್ಲ. ತಾತ ಇಳಿದು ತೋರಿಸಿದರೆ ಮಾತ್ರ ಬಿಡುತ್ತಾಳಂತೆ. ತಾತನ ಮಾನ ಈಗ ನೀರಿನಲ್ಲಿತ್ತು.

ಭಾನುವಾರ ಮಗನ ಚಡ್ಡಿ ತೊಟ್ಟು, ಟೋಪಿಯೊಳಗೆ ಕಿವಿ ತುರುಕಿಕೊಂಡು ತಾತ ಕೊಳಕ್ಕಿಳಿದರು. ನೀರು ಅವರ ಸೊಂಟಕ್ಕೆ, ಮೊಮ್ಮಗಳ ಎದೆಗೆ.

"ಮುಂಚೆ ಈಜಿದೀರಾ ಸರ್?" ಕಲಿಸುವ ಹುಡುಗಿ ಅನುಮಾನದಿಂದ ಕೇಳಿದಳು.

"ಮನೇಲಿ ದಿನಾ ಈಜ್ತೀನಿ."

ಗೋಡೆಗೆ ಕಾಲು ಒದ್ದು ಹೊರಟೇಬಿಟ್ಟರು. ಏನಾಶ್ಚರ್ಯ, ಸ್ಟೂಲಿಲ್ಲದೆಯೂ ಮೈ ತೇಲಿತು. ಕೈ ತನ್ನ ಪಾಡಿಗೆ ಬೀಸಿತು, ಕಾಲು ಬಡಿಯಿತು, ನೆಲದ ಬಿಲ್ಲೆಗಳು ಹಿಂದಕ್ಕೆ ಸರಿದವು. ಅಷ್ಟರಲ್ಲಿ ತಾತನಿಗೆ ಒಂದು ಸಣ್ಣ ವಿಷಯ ಹೊಳೆಯಿತು: ಉಸಿರು ಯಾವಾಗ ತೆಗೆದುಕೊಳ್ಳುವುದು? ದಾಂಡಿಗ ನಡುನಡುವೆ ನಿಂತು ಬಾಯಿ ಆಡಿಸುತ್ತಿದ್ದನಲ್ಲ, ಬಹುಶಃ ಅದನ್ನೇ ಹೇಳುತ್ತಿದ್ದಿರಬೇಕು. ಬಾಯಿ ತೆರೆದರು. ಕೊಳದ ಅರ್ಧ ನೀರು ಒಳಕ್ಕೆ ಹೋಯಿತು.

ಕೆಮ್ಮುತ್ತ ಎದ್ದು ನಿಂತಾಗ ಟೋಪಿ ಒಂದು ಕಿವಿಗೆ ಜೋತಾಡುತ್ತಿತ್ತು. ದಡದಲ್ಲಿದ್ದವರೆಲ್ಲ ನಗುತ್ತಿದ್ದರು. ಯಾರೋ ಬೆನ್ನು ತಟ್ಟುತ್ತಿದ್ದಾರೆಂದು ತಿರುಗಿದರೆ ಮೊಮ್ಮಗಳು. ಕಂಬಿ ಅಷ್ಟು ದೂರದಲ್ಲಿ ಒಂಟಿಯಾಗಿತ್ತು.

"ಯಾಕೆ ತಾತ, ಉಸಿರೇ ತಗೊಳ್ಲಿಲ್ಲ?"

ತಾತ ಮುಖ ಒರೆಸಿಕೊಂಡರು. ಇನ್ನೊಂದು ಸುಳ್ಳು ಬಾಯಿಗೆ ಬಂದಿತ್ತು, ನುಂಗಿಕೊಂಡರು. "ನಂಗೆ ಈಜು ಬರಲ್ಲ ಪುಟ್ಟಿ. ಫೋನ್ ನೋಡಿ ಕಲ್ತಿದ್ದು. ಕೈಕಾಲು ಮಾತ್ರ ಬರುತ್ತೆ."

ಅವಳು ಅವರನ್ನೇ ದಿಟ್ಟಿಸಿದಳು. ತಾತನಿಗೆ ನಿಜಕ್ಕೂ ಹೆದರಿಕೆಯಾಯಿತು.

"ನಂಗೆ ಉಸಿರು ಮಾತ್ರ ಬರುತ್ತೆ," ಎಂದಳು ಅವಳು ಕೊನೆಗೆ. "ಕಂಬಿ ಹಿಡ್ಕೊಂಡು ಅದೊಂದೇ ಮಾಡಿರೋದು. ನೋಡು, ನೀರೊಳಗೆ ಊದ್ಬೇಕು, ಮೇಲೆ ಬಂದು ಎಳ್ಕೋಬೇಕು. ಕೈ ಕೊಡು."

ತಾತ ಕೈ ಕೊಟ್ಟರು. ಇಬ್ಬರೂ ಕೆನ್ನೆ ಉಬ್ಬಿಸಿಕೊಂಡು ಮುಖ ಮುಳುಗಿಸಿದರು. ನೀರಿನ ಮೇಲೆ ಎರಡು ಕಡೆ ಗುಳ್ಳೆಗಳೆದ್ದವು, ಒಂದು ಕಡೆ ಸಣ್ಣವು, ಇನ್ನೊಂದು ಕಡೆ ದೊಡ್ಡವು.