ಹೊಡೆಯುವ ಪುಸ್ತಕ

ನಾನು ಒಂದು ದಪ್ಪ ಪುಸ್ತಕ. ಹುಟ್ಟಿದ್ದೇ ಏಟು ತಿನ್ನುತ್ತ. ಗದಗಿನ ಒಂದು ಅಚ್ಚುಕೂಟದಲ್ಲಿ ನನ್ನ ಹಾಳೆಗಳನ್ನು ಮಡಚಿ, ಸಣ್ಣ ಸಣ್ಣ ಕಟ್ಟು ಮಾಡಿ, ಸೂಜಿಯಿಂದ ಚುಚ್ಚಿ ಚುಚ್ಚಿ ಹೊಲಿದರು. ಬೆನ್ನಿಗೆ ಸುತ್ತಿಗೆಯಿಂದ ಬಡಿದರು. ಬಿಸಿ ಅಂಟು ಬಳಿದರು. ಮೂರು ಕಡೆ ಕತ್ತಿ ಹಾಯಿಸಿ, ಹಲಗೆಯಂಥ ರಟ್ಟು ಕಟ್ಟಿ ನನ್ನನ್ನು ಪುಸ್ತಕ ಎಂದು ಕರೆದರು. ಇಷ್ಟೆಲ್ಲ ಸಹಿಸಿಕೊಂಡದ್ದು ಒಂದೇ ಆಸೆಗೆ. ನನ್ನೊಳಗೆ ಹುಲಿ, ಕರಡಿ, ಹೆಬ್ಬಾವು, ಮೊಸಳೆ ಎಲ್ಲವೂ ಬಣ್ಣಬಣ್ಣದಲ್ಲಿ ಇದ್ದವು. ಮಕ್ಕಳು ನೋಡಿ ಹೌಹಾರಬೇಕು, ಆಮೇಲೆ ತಡೆಯಲಾರದೆ ಮುಂದಿನ ಪುಟ ತಿರುವಬೇಕು. ಪುಸ್ತಕವಾಗಿ ಹುಟ್ಟಿದವನು ಇನ್ನೇನು ಕೇಳಿಯಾನು?

ನಾನು ಹೋಗಿ ಸೇರಿದ್ದು ರೋಣದ ಕಡೆಯ ಒಂದು ಹಳ್ಳಿಯ ಶಾಲೆಗೆ. ಅಲ್ಲಿ ಗ್ರಂಥಾಲಯ ಅಂದರೆ ಮೂರನೇ ತರಗತಿಯ ಕೋಣೆಯಲ್ಲಿದ್ದ ಒಂದು ಕಬ್ಬಿಣದ ಕಪಾಟು. ಅದರ ಕೀಲಿಕೈ ಕಲ್ಲಾಪುರ ಮಾಸ್ತರರ ಜೇಬಿನಲ್ಲಿ. ವರ್ಷಕ್ಕೊಮ್ಮೆ ಸರಸ್ವತಿ ಪೂಜೆಯ ದಿನ ಪುಸ್ತಕಗಳನ್ನು ಹೊರಗೆ ತೆಗೆದು, ಪೇರಿಸಿ, ಅರಿಷಿಣ ಕುಂಕುಮ ಹಚ್ಚಿ, ಊದಿನಕಡ್ಡಿ ಬೆಳಗಿ, ಮತ್ತೆ ಒಳಗೆ ದಬ್ಬುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಅದು ನಮ್ಮ ಕಪಾಟನ್ನು ನೋಡಿಯೇ ಹೇಳಿದ ಮಾತಿರಬೇಕು.

ನಾನೊಬ್ಬ ಮಾತ್ರ ಹೊರಗಿದ್ದೆ, ಮಾಸ್ತರರ ಮೇಜಿನ ಮೇಲೆ. ಓದಲಿಕ್ಕೆ ಅಂದುಕೊಂಡಿರಾ? ಶಾಲೆಯಲ್ಲಿ ಬೆತ್ತ ಹಿಡಿಯಬಾರದು ಎಂದು ಮೇಲಿನವರ ಆದೇಶ ಬಂದಿತ್ತು. ಪುಸ್ತಕ ಹಿಡಿಯಬಾರದು ಎಂದು ಯಾವ ಆದೇಶವೂ ಬಂದಿರಲಿಲ್ಲ.

ಲೆಕ್ಕ ತಪ್ಪಿದವನ ತಲೆಗೆ ನಾನು. ಹಿಂದಿನ ಸಾಲಿನಲ್ಲಿ ಕಿಸಕ್ಕನೆ ನಕ್ಕವಳ ಬೆನ್ನಿಗೆ ನಾನು. ಒಮ್ಮೆ ಒಬ್ಬ ಹುಡುಗನ ಮೂಗಿನಿಂದ ರಕ್ತ ಸೋರಿ ನನ್ನ ರಟ್ಟಿನ ಮೇಲೆ ಬಿತ್ತು. ಮಾಸ್ತರರು ಒದ್ದೆ ಅರಿವೆ ತಂದು ಮೊದಲು ನನ್ನನ್ನು ಒರೆಸಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊಟ್ಟೆಯಲ್ಲಿ ಹುಲಿಯನ್ನು ಇಟ್ಟುಕೊಂಡೂ ಆ ಕೈಯನ್ನು ಕಚ್ಚಲು ಬಾರದ ಬಾಳು! ಮಕ್ಕಳು ನನಗೆ 'ಹೊಡೆಯೋ ಪುಸ್ತಕ' ಎಂದು ಹೆಸರಿಟ್ಟರು.

ಆ ತರಗತಿಯಲ್ಲಿ ಫಕೀರವ್ವ ಎಂಬ ಹುಡುಗಿ ಇದ್ದಳು. ಅಕ್ಷರ ಕೂಡಿಸಿ ಓದುವುದು ಆಗತಾನೆ ಬಂದಿತ್ತು. ಬಿಸ್ಕೀಟು ಚೀಟಿ, ಬಸ್ಸಿನ ಬೋರ್ಡು, ಗೋಡೆಯ ಮೇಲಿನ ಜಾಹೀರಾತು, ಕಣ್ಣಿಗೆ ಬಿದ್ದದ್ದನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದಳು. ಒಂದು ದಿನ ಊಟದ ಹೊತ್ತಿನಲ್ಲಿ ಮಾಸ್ತರರು ಕಪಾಟಿಗೆ ಕೀಲಿ ಹಾಕದೆ ಹೋದರು. ಮೇಲಿನ ಅರೆಯಲ್ಲಿ ಆನೆಯ ಚಿತ್ರದ ಒಂದು ತೆಳುವಾದ ಕಥೆ ಪುಸ್ತಕ ಇತ್ತು. ಫಕೀರವ್ವನಿಗೆ ಅದು ಎಟುಕಲಿಲ್ಲ. ಸುತ್ತ ನೋಡಿದಳು, ನನ್ನನ್ನು ತಂದು ನೆಲಕ್ಕೆ ಇಟ್ಟಳು, ಮೇಲೆ ಹತ್ತಿ ನಿಂತಳು. ಆ ಪುಟ್ಟ ಪಾದಗಳ ಭಾರ ನನಗೆ ಬಹಳ ಹಿತವಾಗಿತ್ತು. ಜನ್ಮದಲ್ಲಿ ಮೊದಲ ಸಲ ನಾನು ಒಂದು ಮಗುವನ್ನು ಪುಸ್ತಕದ ಹತ್ತಿರಕ್ಕೆ ಎತ್ತಿದ್ದೆ.

"ಏ ಫಕೀರಿ! ಸರಸ್ವತೀನ್ನ ತುಳೀತಿಯೇನ? ಕಾಲು ಮುರೀತೇನಿ!"

"ಇಲ್ರೀ ಸರ... ಆನಿ ಪುಸ್ತಕ ಬೇಕಾಗಿತ್ರಿ..."

ಮಾಸ್ತರರು ಅವಳನ್ನು ದಬ್ಬಿ, ನನ್ನನ್ನು ಎತ್ತಿ ಭಕ್ತಿಯಿಂದ ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಅದೇ ಕೈಯಿಂದ ನನ್ನ ಅಂಚನ್ನು ಅವಳ ನೆತ್ತಿಗೆ ಹಾಕಿದರು. ಮತ್ತೆ ಹಾಕಿದರು. ಅವಳು ಕಪಾಟಿನ ಮೂಲೆಗೆ ಬಿದ್ದು ಹುಬ್ಬು ಒಡೆಯಿತು. ಸರಸ್ವತಿಯನ್ನು ತುಳಿದರೆ ಪಾಪವಂತೆ, ಸರಸ್ವತಿಯನ್ನೇ ಹಿಡಿದು ಮಗುವನ್ನು ಬಡಿದರೆ ಪಾಪವಿಲ್ಲವಂತೆ. ಎಂಥ ಶಾಸ್ತ್ರವೋ, ಯಾರು ಬರೆದರೋ!

ಗಾಯ ಮಾಯಿತು, ಓದು ಮಾತ್ರ ಮರಳಲಿಲ್ಲ. ಪಾಠದ ಪುಸ್ತಕ ತೆರೆದರೆ ಫಕೀರವ್ವ ಎರಡು ಅಕ್ಷರ ಕೂಡಿಸಲಾರದೆ ಮುಚ್ಚಿಡುತ್ತಿದ್ದಳು. ಬಿಸ್ಕೀಟು ಚೀಟಿಯನ್ನೂ ಅವಳು ಓದುತ್ತಿರಲಿಲ್ಲ. ಅವಳ ತಾಯಿ ಶಾಲೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದಳು: "ಓದಾಕ ಬರಂಗಿಲ್ಲಂದ್ರ ಇಲ್ಲಿ ಕುಂತು ಏನ್ ಮಾಡತಾಳ್ರೀ? ದೀಪಾವಳಿ ಆತಂದ್ರ ಬಿಡಿಸಿಬಿಡತೇನಿ. ನನ್ನ ಜೋಡಿ ಹತ್ತಿ ಬಿಡಸಾಕರ ಬರಲಿ." ಮಾಸ್ತರರು ಬೇಡ ಅನ್ನಲಿಲ್ಲ.

ದೀಪಾವಳಿಗೆ ಮೊದಲೇ ನದಾಫ ಅಕ್ಕಾರು ಎಂಬ ಹೊಸ ಶಿಕ್ಷಕಿ ವರ್ಗವಾಗಿ ಬಂದರು. ಮಾಸ್ತರರು ಐದನೇ ತರಗತಿಗೆ ಹೋದರು, ಕಪಾಟು ಅಕ್ಕಾರ ಕೈಗೆ ಬಂತು. ಅವರು ಮೊದಲ ದಿನವೇ ಜಮಖಾನ ಹಾಸಿ ಪುಸ್ತಕಗಳನ್ನೆಲ್ಲ ನೆಲದ ಮೇಲೆ ಹರವಿದರು.

"ಯಾವುದು ಬೇಕೋ ತಗೋರಿ. ಹರದ್ರ ಹರೀಲಿ."

ಒಬ್ಬರೂ ಅಲುಗಲಿಲ್ಲ. ಹುಲಿಯ ಚಿತ್ರ ತೋರಿಸೋಣವೆಂದು ಅಕ್ಕಾರು ನನ್ನನ್ನು ಎತ್ತಿ ಹಿಡಿದರು. ಅಷ್ಟೇ. ಇಡೀ ತರಗತಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಬಗ್ಗಿತು. ಫಕೀರವ್ವ ಗೋಡೆಗೆ ಮುಖ ಒತ್ತಿ ನಿಂತಳು. ಅಕ್ಕಾರ ಕೈ ಅಲ್ಲೇ ನಿಂತಿತು.

"ನಿಮ್ಮನ್ನ ಯಾರು ಹೊಡದಾರ?"

ಮಾಸ್ತರರ ಹೆಸರು ಹೇಳುವ ಧೈರ್ಯ ಯಾರಿಗಿದೆ? ಫಕೀರವ್ವ ಬೆರಳು ಚಾಚಿ ನನ್ನನ್ನು ತೋರಿಸಿದಳು. "ಅದು."

ಅಕ್ಕಾರು ನನ್ನನ್ನು ನೆಲಕ್ಕೆ ಇಟ್ಟರು. "ಹಂಗಾದ್ರ ನೀನೂ ಅದನ್ನ ಹೊಡಿ."

"ಪಾಪ ಬರತೈತ್ರಿ ಅಕ್ಕಾರ."

"ಬಂದ್ರ ನನಗ ಬರಲಿ," ಎಂದು ಅವರೇ ಮೊದಲ ಏಟು ಕೊಟ್ಟರು.

ಆಮೇಲೆ ನಡೆದದ್ದನ್ನು ಏನು ಹೇಳಲಿ! ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಆ ಕೊತ್ತಿ ನಾನಾದೆ. ಗುದ್ದಿದರು, ಒದ್ದರು, ಎತ್ತಿ ಗೋಡೆಗೆ ಬೀಸಿದರು. ಮೂಗಿನಿಂದ ರಕ್ತ ಸುರಿಸಿಕೊಂಡಿದ್ದ ಹುಡುಗ ನನ್ನ ಮೇಲೆ ಕುಣಿದ. ಫಕೀರವ್ವ ಅಳುತ್ತ ಓಡಿ ಬಂದು ಹಿಮ್ಮಡಿಯಿಂದ ನನ್ನ ಬೆನ್ನನ್ನು ತುಳಿದಳು, ತುಳಿದಳು, ಹೊಲಿಗೆ ಕಡಿಯುವ ತನಕ ತುಳಿದಳು. ನನಗೆ ನೋವಾಯಿತು. ಆದರೂ ಹೊಡೀರಿ, ಇನ್ನೂ ಹೊಡೀರಿ ಅನ್ನಿಸುತ್ತಿತ್ತು.

ಬೆನ್ನು ಮುರಿದು ನನ್ನ ಕಟ್ಟುಗಳು ಜಮಖಾನದ ತುಂಬ ಚೆಲ್ಲಿದವು. ಒಂದು ಕಡೆ ಹುಲಿ ಬಾಯಿ ತೆರೆಯಿತು, ಇನ್ನೊಂದು ಕಡೆ ಹೆಬ್ಬಾವು ಜಿಂಕೆಯನ್ನು ನುಂಗುತ್ತಿತ್ತು. ಗದ್ದಲ ತಾನಾಗಿ ಇಳಿಯಿತು. ಒಬ್ಬೊಬ್ಬರೂ ಒಂದೊಂದು ತುಂಡಿನ ಮೇಲೆ ಬಗ್ಗಿದರು. ಫಕೀರವ್ವನ ಎತ್ತಿದ ಕಾಲ ಕೆಳಗೆ ಮೊಸಳೆ ಇತ್ತು, ಅದರ ಹಲ್ಲುಗಳ ನಡುವೆ ಪುಟಾಣಿ ಮರಿಗಳು ಇದ್ದವು. ಅವಳು ಕಾಲು ಪಕ್ಕಕ್ಕೆ ಇಟ್ಟಳು.

"ಅಕ್ಕಾರ, ಇದು ಮರೀನ್ನ ತಿನ್ನಾಕತ್ತೈತೇನ್ರೀ?"

"ನನಗೇನ್ ಗೊತ್ತವ್ವ? ಕೆಳಗ ಬರದಾರ ನೋಡು."

ಫಕೀರವ್ವ ಕುಳಿತು ಸಾಲಿನ ಕೆಳಗೆ ಬೆರಳಿಟ್ಟಳು. "ತಾ...ಯಿ ಮೊ...ಸಳೆ... ಮರಿ...ಗಳನ್ನು..."

ಗದ್ದಲ ಕೇಳಿ ಕಲ್ಲಾಪುರ ಮಾಸ್ತರರು ಆಗಲೇ ನುಗ್ಗಿದರು. "ಸರಸ್ವತೀನ್ನ ಹರದು ಹಾಕೀರೇನಲೇ!" ಎಂದು ಗುಡುಗುತ್ತ ನನ್ನನ್ನು ಎತ್ತಿದರು. ಕೈಗೆ ಸಿಕ್ಕದ್ದು ಖಾಲಿ ರಟ್ಟು. ಅದನ್ನೇ ಬೀಸಲು ಎತ್ತಿದರು. ಮಕ್ಕಳೆಲ್ಲ ತಲೆ ಮುಚ್ಚಿಕೊಂಡರು. ಫಕೀರವ್ವ ಮುಚ್ಚಿಕೊಳ್ಳಲಿಲ್ಲ. ಬೆರಳು ತೆಗೆದರೆ ಸಾಲು ತಪ್ಪುತ್ತಿತ್ತು.

"...ಬಾಯಲ್ಲಿ... ಎತ್ತಿ...ಕೊಂಡು... ನೀ...ರಿಗೆ..."

ಅಕ್ಕಾರು ಅಡ್ಡ ನಿಂತು ರಟ್ಟನ್ನು ಕಿತ್ತುಕೊಂಡರು. "ಸರ, ಆಕಿ ಓದಾಕತ್ತಾಳ. ಗದ್ದಲ ಮಾಡಬ್ಯಾಡ್ರಿ."

ಈಗ ನಾನು ಇಡಿಯಾಗಿ ಇಲ್ಲ. ನನ್ನ ತುಂಡುಗಳನ್ನು ಅಕ್ಕಾರು ಬೇರೆ ಬೇರೆಯಾಗಿ ಹೊಲಿದು ಕಿಟಕಿಯ ಪಕ್ಕ ಹಗ್ಗಕ್ಕೆ ತೂಗುಹಾಕಿದ್ದಾರೆ. ಅವು ಎಷ್ಟು ಹಗುರವೆಂದರೆ ಅವುಗಳಿಂದ ಒಂದು ಸೊಳ್ಳೆಯನ್ನೂ ಹೊಡೆಯಲಾಗದು. ಹುಲಿಗಾಗಿ ದಿನವೂ ಜಗಳ, ಹೆಬ್ಬಾವಿನ ಒಂದು ಮೂಲೆ ಯಾರದೋ ಬಾಯಿಗೆ ಹೋಗಿದೆ. ಪುಸ್ತಕಕ್ಕೆ ಬರುವ ಸಾವು ಇದೇ ಆದರೆ ಬರಲಿ, ನನ್ನ ತಕರಾರಿಲ್ಲ.

ಮೊಸಳೆಯ ತುಂಡು ಮಾತ್ರ ಹಗ್ಗದ ಮೇಲೆ ಇಲ್ಲ. ಅದು ಫಕೀರವ್ವನ ಮನೆಯಲ್ಲಿದೆ ಎಂದು ಎಲ್ಲರಿಗೂ ಗೊತ್ತು, ಅಕ್ಕಾರು ಕೇಳಿಲ್ಲ. ರೊಟ್ಟಿ ಬಡಿಯುವ ತಾಯಿಯ ಪಕ್ಕ ಕುಳಿತು ಅದನ್ನು ಓದುತ್ತಾಳಂತೆ. ದೀಪಾವಳಿ ಕಳೆಯಿತು, ಹತ್ತಿ ಒಡೆಯಿತು. ಫಕೀರವ್ವ ಶಾಲೆಯಲ್ಲೇ ಇದ್ದಾಳೆ. ಓದು ನಿಲ್ಲಿಸಿದರೆ ತಾಯಿ ಹಿಟ್ಟಿನ ಕೈ ಎತ್ತಿ ಗದರುತ್ತಾಳಂತೆ: "ನಿಂದ್ರಬ್ಯಾಡ, ಮುಂದ ಓದು. ಆ ಮರಿ ನೀರು ಮುಟ್ಟಿದ್ವೋ ಇಲ್ಲೋ?"