ಕಣ್ಣಿಡುವ ಮೊದಲು

ಊರ ಮಕ್ಕಳನ್ನು ಕಾಡುತ್ತಿದ್ದ ಜ್ವರದ ರೋಗಾಣುವನ್ನು ಮೊದಲು ಕಂಡುಹಿಡಿದ ಪ್ರೊಫೆಸರಿಗೆ ಒಂದು ಅಭ್ಯಾಸವಿತ್ತು. ಮೈಕ್ರೋಸ್ಕೋಪಿಗೆ ಕಣ್ಣಿಡುವ ಮೊದಲು ಹಣೆ, ಎದೆ, ಭುಜ ಮುಟ್ಟಿ ಶಿಲುಬೆಯ ಗುರುತು ಹಾಕಿಕೊಂಡು, "ಸ್ವಾಮಿ, ಇದ್ದದ್ದನ್ನು ತೋರಿಸು, ನಾನು ಬಯಸಿದ್ದನ್ನಲ್ಲ" ಅನ್ನುವರು. ಪ್ರಯೋಗಾಲಯದವರು ಮರೆಯಲ್ಲಿ ಮುಸಿಮುಸಿ ನಗುತ್ತಿದ್ದರು. ನಗುವವರಿಗೇನು, ನಗಲಿ ಬಿಡಿ.

ಎದುರಿಗೇ ಕೆಣಕುವ ಧೈರ್ಯವಿದ್ದದ್ದು ಅಳಿಯನಿಗೆ ಮಾತ್ರ. ಅವನು ಕೆಳಗಿನ ಜ್ವರದ ವಾರ್ಡಿನ ಡಾಕ್ಟರು. ದೇವರಿಗೂ ಅವನಿಗೂ ಎಣ್ಣೆ ಸೀಗೇಕಾಯಿ.

"ಮಾವ, ನಿಮ್ಮ ದೇವರು ಲೆನ್ಸಿನ ಆ ಕಡೆ ಇದಾನೋ, ಈ ಕಡೆನೋ?"

"ಈ ಕಡೆನೇ ಕಣಪ್ಪ. ಮನಸ್ಸಿನ ಕೊಳೆ ಇರೋದು ಈ ಕಡೆ ತಾನೇ?" ಆಮೇಲೆ ಗೋಡೆಯ ಮೇಲಿನ ಹಳೆಯ ವಿಜ್ಞಾನಿಗಳ ಚಿತ್ರಗಳತ್ತ ಕೈ ತೋರಿಸುವರು. "ಗ್ರಹಗಳ ದಾರಿ ಲೆಕ್ಕ ಹಾಕಿದೋರೂ ಮೊಣಕಾಲೂರಿದೋರೇ. ಅವರಿಗಿಂತ ನಾವು ದೊಡ್ಡೋರಾ?"

ಅಳಿಯನ ಪುಟ್ಟ ಮಗಳು ತಾತನ ತೊಡೆಯೇರಿ ತಾನೂ ಇಣುಕುತ್ತಿದ್ದಳು. ಇಣುಕುವ ಮೊದಲು ತಾತನ ಹಾಗೆಯೇ ಹಣೆ ಮುಟ್ಟಿಕೊಳ್ಳುವಳು. ಭುಜದ ಸರದಿ ಬಂದಾಗ ಮಾತ್ರ ಮರೆತು ಕಿವಿ ಮುಟ್ಟುವಳು.

ಆ ಮಗುವಿಗೇ ಜ್ವರ ಬಂತು.

ಅದರ ಮದ್ದು ಎರಡಲಗಿನ ಕತ್ತಿ. ರೋಗಾಣು ಇದ್ದರೆ ಜೀವ ಉಳಿಸುತ್ತದೆ, ಇಲ್ಲದಿದ್ದರೆ ಎಳೆಯ ಮಕ್ಕಳ ಹೃದಯ ಕೆಡಿಸುತ್ತದೆ. ರಕ್ತದಲ್ಲಿ ಕಣ್ಣಾರೆ ಕಂಡ ಮೇಲೆಯೇ ಸೂಜಿ ಚುಚ್ಚಬೇಕೆಂಬ ನಿಯಮ ಮಾಡಿದವರೂ ಪ್ರೊಫೆಸರೇ.

"ಬೇರೆಯವರು ನೋಡ್ಲಿ ಮಾವ," ಅಂದ ಅಳಿಯ.

"ಇಷ್ಟು ವರ್ಷ ಊರ ಮಕ್ಕಳದ್ದೆಲ್ಲ ನೋಡಿದೀನಿ. ನನ್ನ ಮಗೂದು ಇನ್ನೊಬ್ಬರ ಕೈಗೆ ಕೊಡ್ಲಾ?"

ಸ್ಲೈಡು ಇಟ್ಟು ಕೈ ಹಣೆಯತ್ತ ಒಯ್ದರು. ಕೈ ಅಲ್ಲೇ ನಿಂತಿತು. ಇದ್ದದ್ದನ್ನು ತೋರಿಸು ಅಂತ ಕೇಳಿ, ಅವನು ತೋರಿಸಿಬಿಟ್ಟರೆ? ಊರ ಮಕ್ಕಳಿಗಾಗಿ ಸಲೀಸಾಗಿ ಹೇಳುತ್ತಿದ್ದ ಮಾತನ್ನು ಈ ಸಲ ಹೇಳಲಿಲ್ಲ. ಅವರಿಗೆ ದೇವರೆಂದರೆ ಭಯವಾಯಿತು. ಕೈ ಇಳಿಸಿ ತಿರುಪು ತಿರುಗಿಸಿದರು. ಬಹಳ ಹೊತ್ತು ನೋಡಿದರು.

"ಏನೂ ಇಲ್ಲಪ್ಪ."

ಅಳಿಯನಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತ. "ಮಾವ, ನಿಮ್ಮ ದೇವರಿಗೆ ನನ್ನದೂ ಒಂದು ನಮಸ್ಕಾರ ಹೇಳಿ," ಅಂದ.

ವಾರ ತುಂಬುವ ಮೊದಲೇ ಮಗುವನ್ನು ಮಣ್ಣು ಮಾಡಿದರು.

ಸಮಾಧಿಯಿಂದ ಪ್ರೊಫೆಸರು ಮನೆಗೆ ಹೋಗಲಿಲ್ಲ. ಕೆಸರು ಮೆತ್ತಿದ ಬೂಟಿನಲ್ಲೇ ಪ್ರಯೋಗಾಲಯದ ಮೆಟ್ಟಿಲು ಹತ್ತಿ, ತಟ್ಟೆಯಲ್ಲಿದ್ದ ಅದೇ ಸ್ಲೈಡು ತೆಗೆದರು. ಈ ಸಲ ಗುರುತು ಹಾಕಿಕೊಂಡರು. ಪ್ರಾರ್ಥನೆಯನ್ನೂ ಪೂರ್ತಿ ಹೇಳಿದರು.

ಇದ್ದವು. ಒಂದಲ್ಲ, ಎರಡಲ್ಲ. ಆವತ್ತೂ ಕಂಡಿದ್ದವು. ರಕ್ತಕ್ಕೆ ಹಾಕುವ ಬಣ್ಣದ ಕಲೆ ಇರಬೇಕು ಅಂದುಕೊಂಡು ಸ್ಲೈಡನ್ನು ಪಕ್ಕಕ್ಕೆ ಸರಿಸಿದ್ದು ಈಗ ನೆನಪಾಯಿತು.

ಹಿಂದೆ ಹೆಜ್ಜೆ ಸಪ್ಪಳವಾಯಿತು. ಅಳಿಯ ಹುಡುಕಿಕೊಂಡು ಬಂದಿದ್ದ.

"ಏನು ನೋಡ್ತಿದೀರಿ ಮಾವ? ನಡೀರಿ ಮನೆಗೆ."

ಪ್ರೊಫೆಸರು ಎದ್ದು ಸ್ಟೂಲು ಬಿಟ್ಟುಕೊಟ್ಟರು. "ಆವತ್ತಿನ ಅವಳ ರಕ್ತ. ನೀನೇ ನೋಡು," ಅಂದರು.

ಅಳಿಯ ಕೂತ. ಕೂತವನು ತಟ್ಟನೆ ಕಣ್ಣಿಡಲಿಲ್ಲ. ಜನ್ಮದಲ್ಲಿ ಮಾಡದವನು ಕೈ ಹಣೆಗೆ ಒಯ್ದ, ಎದೆಗೆ ಒಯ್ದ, ಆಮೇಲೆ ಕಿವಿ ಮುಟ್ಟಿಕೊಂಡ.

"ಅವಳು ಹೀಗೇ ಮಾಡ್ತಿದ್ಲಲ್ವಾ ಮಾವ?" ಅಂದು ಬಗ್ಗಿ ಕಣ್ಣಿಟ್ಟ.